ಅಪರಿಚಿತ ಖರೀದಿದಾರರಿಗೆ ಆನೆ ಕಾಸು ಮಾರುವ ಮುನ್ನ

ಮಾನ್ಯರೇ,

ತಾತನವರ ಪೆಟ್ಟಿಗೆಯಲ್ಲಿದ್ದ ಟಿಪ್ಪು ಕಾಲದ ಇಪ್ಪತ್ತೆರಡು ಆನೆ ಕಾಸುಗಳು (ಆನೆಯ ಚಿತ್ರವಿರುವ ತಾಮ್ರದ ನಾಣ್ಯಗಳು) ಮತ್ತು ಎರಡು ಕಂಠೀರಾಯಿ ಹಣಗಳ (ಪುಟ್ಟ ಬಂಗಾರದ ನಾಣ್ಯಗಳ) ಚಿತ್ರಗಳನ್ನು ನೀವು ನಮ್ಮ ನಾಣ್ಯ ಸಂಗ್ರಹಕಾರರ ಗುಂಪಿನಲ್ಲಿ ಹಾಕಿದ ಮರುದಿನವೇ, ಗುಂಪಿಗೆ ಹೊಸದಾಗಿ ಸೇರಿದ, ನಮ್ಮಲ್ಲಿ ಯಾರೊಡನೆಯೂ ವ್ಯವಹರಿಸಿರದ ಒಬ್ಬರು ಚೌಕಾಸಿ ಮಾಡದೆ ಕೇಳಿದ ಬೆಲೆಗೆ ಒಪ್ಪಿದ್ದಾರೆ. ಹಣವನ್ನು ತಮ್ಮ ಭಾವಮೈದುನ ಹಾಕುತ್ತಾರೆಂದೂ ನಾಣ್ಯಗಳನ್ನು ಇಂದೇ ದುಬೈ ವಿಳಾಸಕ್ಕೆ ಕಳುಹಿಸಬೇಕೆಂದೂ ಹೇಳಿದ್ದಾರೆ. ಮಾರಬಹುದೇ ಎಂದು ಕೇಳಿದ್ದೀರಿ.

ದುಬೈಗೆ ಕಳುಹಿಸುವಂತಿಲ್ಲ. ಇದು ನನ್ನ ಸಲಹೆಯಲ್ಲ, ಕಾನೂನು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯವೂ ಪುರಾತನ ವಸ್ತುವೇ. ಅದನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳವರೆಗಿನ ಸೆರೆವಾಸಕ್ಕೆ ಅವಕಾಶವಿದೆ. ಪೊಟ್ಟಣದ ಮೇಲೆ ‘ಹಳೆಯ ತಾಮ್ರದ ಬಿಲ್ಲೆಗಳು’ ಎಂದು ಬರೆದು ಕಳುಹಿಸಿ ಎಂದು ಅವರು ಮುಂದೆ ಹೇಳಿಯಾರು. ಹಾಗೆ ಬರೆದು ಸಹಿ ಹಾಕುವವರು ಮಾತ್ರ ನೀವು. ದೇಶದೊಳಗಿನ ಮಾರಾಟದಲ್ಲೂ, ಪುರಾತನ ವಸ್ತುಗಳನ್ನು ಮಾರುವುದನ್ನೇ ವ್ಯಾಪಾರವಾಗಿಸಿಕೊಂಡವರಿಗೆ ಪರವಾನಗಿ ಬೇಕು ಎಂಬುದು ನೆನಪಿರಲಿ.

ಇನ್ನು ಅವರು ಹೊಸಬರು ಎಂಬ ವಿಷಯ. ಅದೊಂದನ್ನೇ ದೋಷವೆಂದು ನಾನು ಎಣಿಸುವುದಿಲ್ಲ, ಏಕೆಂದರೆ ಈ ಹವ್ಯಾಸಕ್ಕೆ ಬಂದ ಹೊಸದರಲ್ಲಿ ನನ್ನನ್ನೂ ಯಾರೂ ಬಲ್ಲವರಿರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯ ‘ಮೈಲಿ ಕಾಸು’ ಮೂರನ್ನು ನನಗೆ ಮೊದಲು ಮಾರಿದ ಮೈಸೂರಿನ ಹಿರಿಯರು, ಹಣ ತಮ್ಮ ಬ್ಯಾಂಕ್ ಪುಸ್ತಕದಲ್ಲಿ ನಮೂದಾಗುವವರೆಗೆ ನಾಣ್ಯಗಳನ್ನು ಕಳುಹಿಸಲಿಲ್ಲ. ನನಗೆ ಬೇಸರವೂ ಆಗಲಿಲ್ಲ. ಪ್ರಾಮಾಣಿಕ ಹೊಸಬರು ಇಂಥ ಷರತ್ತಿಗೆ ಸಿಟ್ಟಾಗುವುದಿಲ್ಲ. ನಿಮ್ಮ ಖರೀದಿದಾರರ ವಿಷಯದಲ್ಲಿ ನನಗೆ ಅನುಮಾನ ಬಂದದ್ದು ಬೇರೆ ಕಾರಣಕ್ಕೆ: ನೀವು ಹಾಕಿದ ಸಂಭಾಷಣೆಯಲ್ಲಿ ಅವರು ನಾಣ್ಯದ ಬಗ್ಗೆ ಒಂದೇ ಒಂದು ಪ್ರಶ್ನೆಯನ್ನೂ ಕೇಳಿಲ್ಲ. ಆನೆ ಕಾಸು ಕೊಳ್ಳುವವರು ಮೊದಲು ಕೇಳುವುದು ಟಂಕಸಾಲೆಯನ್ನು. ಶ್ರೀರಂಗಪಟ್ಟಣದಲ್ಲಿ ಅಚ್ಚಾದದ್ದೋ, ಶಿವಮೊಗ್ಗ ಜಿಲ್ಲೆಯ ನಗರದ್ದೋ, ಚಿತ್ರದುರ್ಗದ್ದೋ, ಆಂಧ್ರದ ಗುತ್ತಿಯದ್ದೋ ಎಂಬುದರ ಮೇಲೆ ಬೆಲೆಯೇ ಬದಲಾಗುತ್ತದೆ. ಆಮೇಲೆ ಮೌಲೂದಿ ವರ್ಷ (ಟಿಪ್ಪು ಜಾರಿಗೆ ತಂದ ಕಾಲಗಣನೆಯ ವರ್ಷ), ಆನೆ ಯಾವ ಕಡೆಗೆ ಮುಖ ಮಾಡಿದೆ, ತೂಕ ಸುಮಾರು 11 ಗ್ರಾಂ ಬರುತ್ತದೆಯೇ ಎಂದು ವಿಚಾರಿಸುತ್ತಾರೆ. ಇದಾವುದನ್ನೂ ಕೇಳದೆ ಪೊಟ್ಟಣ ಯಾವಾಗ ಹೊರಡುತ್ತದೆ ಎಂದಷ್ಟೇ ಕೇಳುವವರಿಗೆ ಬೇಕಾಗಿರುವುದು ನಾಣ್ಯವೇ ಎಂಬ ಸಂಶಯ ಬಾರದಿರದು. ಸಗಟಾಗಿ ಕೊಳ್ಳುವ ವ್ಯಾಪಾರಿಗಳು ಹೆಚ್ಚು ವಿಚಾರಿಸದಿರಬಹುದು, ಆದರೆ ಅವರು ಚೌಕಾಸಿ ಮಾಡದೆ ಬಿಡುವುದಿಲ್ಲ.

ಭಾವಮೈದುನನ ಖಾತೆಯಿಂದ ಹಣ ಪಡೆಯುವುದು ಇನ್ನೂ ದೊಡ್ಡ ಅಪಾಯ, ಮತ್ತು ನಮ್ಮ ಗುಂಪಿನಲ್ಲಿ ಹಲವರು ಇದನ್ನು ಹಗುರವಾಗಿ ಕಾಣುತ್ತಾರೆ. ವಂಚಕರು ಬೇರೊಬ್ಬರಿಂದ ದೋಚಿದ ಹಣವನ್ನೇ ನಿಮಗೆ ಹಾಕಿಸಿ ನಾಣ್ಯ ಪಡೆದುಕೊಳ್ಳುತ್ತಾರೆ. ಹಣ ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟಾಗ ಆ ಹಣದ ಜಾಡು ನಿಮ್ಮ ಖಾತೆಗೆ ಬಂದು ನಿಲ್ಲುತ್ತದೆ, ಬ್ಯಾಂಕು ಆ ಮೊತ್ತವನ್ನೋ ಕೆಲವೊಮ್ಮೆ ಇಡೀ ಖಾತೆಯನ್ನೋ ತಡೆಹಿಡಿಯುತ್ತದೆ. ಆಗ ಕೈಯಲ್ಲಿ ನಾಣ್ಯವೂ ಇಲ್ಲ, ಹಣವೂ ಇಲ್ಲ. ಕಂಡಿರದ ಯಾವುದೋ ರಾಜ್ಯದ ಪೊಲೀಸ್ ಠಾಣೆಗೆ ಉತ್ತರ ಬರೆಯುತ್ತ ಕೂರಬೇಕು. ಆದುದರಿಂದ ಮಾತಾಡಿದವರು, ಹಣ ಹಾಕಿದವರು, ಪೊಟ್ಟಣ ಪಡೆಯುವವರು ಮೂವರೂ ಒಂದೇ ಹೆಸರಿನವರಾಗಿರಬೇಕು. ಬೇರೆ ಹೆಸರಿನಿಂದ ಹಣ ಬಂದುಬಿಟ್ಟರೆ ಅದನ್ನು ಅವರು ಹೇಳಿದ ಮತ್ತೊಂದು ಖಾತೆಗೆ ‘ವಾಪಸು’ ಹಾಕಬೇಡಿ. ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ.

ಹಣ ಬಂದಿದೆ ಎಂಬುದಕ್ಕೆ ಅವರು ಕಳುಹಿಸುವ ಸ್ಕ್ರೀನ್‌ಶಾಟ್ ಪುರಾವೆಯಲ್ಲ, ಮೊಬೈಲಿಗೆ ಬಂದ ಸಂದೇಶವೂ ಪುರಾವೆಯಲ್ಲ. ನಿಮ್ಮ ಖಾತೆಯನ್ನು ನೀವೇ ತೆರೆದು ನೋಡಬೇಕು. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾಗಿಯೇ ಇಲ್ಲ. ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಶುಲ್ಕ, ತೆರಿಗೆ ಎಂದು ಯಾರಾದರೂ ಕೇಳಿದರೆ, ಹಳೆಯ ನೋಟು ನಾಣ್ಯಗಳ ಇಂಥ ವ್ಯವಹಾರಗಳಿಗೂ ತನಗೂ ಸಂಬಂಧವಿಲ್ಲವೆಂದು ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಪ್ರಕಟಿಸಿದೆ ಎಂದು ಹೇಳಿ ಮಾತು ನಿಲ್ಲಿಸಿ.

ನಾನು ಪೆಟ್ಟು ತಿಂದದ್ದು ಹಣದ ವಿಷಯದಲ್ಲಲ್ಲ, ವಾಪಸಾತಿಯಲ್ಲಿ. ಒಂದು ಆನ್‌ಲೈನ್ ಮಾರುಕಟ್ಟೆಯಲ್ಲಿ ಒಳ್ಳೆಯ ಸ್ಥಿತಿಯ ಆನೆ ಕಾಸೊಂದನ್ನು ಮಾರಿದ್ದೆ. ಕೊಂಡವರು ಹತ್ತು ದಿನಗಳ ನಂತರ ‘ನಕಲಿ’ ಎಂದು ಹಿಂದಿರುಗಿಸಿದರು. ಪೊಟ್ಟಣದಲ್ಲಿದ್ದದ್ದು ಸವೆದುಹೋದ ಬೇರೆಯದೇ ಕಾಸು. ನನ್ನ ಬಳಿ ಒಂದೇ ಒಂದು ಮಸುಕಾದ ಚಿತ್ರವಿತ್ತು, ವಾದ ನಿಲ್ಲಲಿಲ್ಲ. ಅಂದು ಹೊಳೆಯದಿದ್ದ ಸಂಗತಿಯೆಂದರೆ, ಈ ಕಾಸುಗಳು ಕೈಯಿಂದ ಅಚ್ಚೊತ್ತಿದವುಗಳಾದ್ದರಿಂದ ಯಾವ ಎರಡೂ ಪೂರ್ತಿ ಒಂದೇ ಆಗಿರುವುದಿಲ್ಲ. ಅಚ್ಚು ಎಷ್ಟು ಪಕ್ಕಕ್ಕೆ ಸರಿದಿದೆ, ಅಂಚು ಎಲ್ಲಿ ಸೀಳಿದೆ, ಚುಕ್ಕೆಗಳ ಸುತ್ತು ಎಲ್ಲಿ ತುಂಡಾಗಿದೆ ಎಂಬುದೆಲ್ಲ ಆ ನಾಣ್ಯದ ಬೆರಳಚ್ಚು. ಹಗಲು ಬೆಳಕಿನಲ್ಲಿ ಎರಡೂ ಮುಖ, ಸುತ್ತಲಿನ ಅಂಚು, ತಕ್ಕಡಿಯ ಮೇಲೆ ಗ್ರಾಮಿನ ನೂರನೇ ಭಾಗದವರೆಗಿನ ತೂಕ, ಇಷ್ಟನ್ನೂ ತೆಗೆದಿಟ್ಟುಕೊಂಡು ಅದೇ ಚಿತ್ರಗಳನ್ನು ಹಣ ಪಡೆಯುವ ಮುನ್ನವೇ ಖರೀದಿದಾರರಿಗೂ ಕಳುಹಿಸಿ, ‘ಇದೇ ನಾಣ್ಯಕ್ಕೆ ಒಪ್ಪಿದ್ದೇನೆ’ ಎಂದು ಬರೆಸಿಕೊಳ್ಳಿ. ಬ್ರಿಟಿಷರ ಬೆಳ್ಳಿ ರೂಪಾಯಿಯಂಥ ಯಂತ್ರದ ನಾಣ್ಯಗಳಲ್ಲಿ ಈ ಅನುಕೂಲ ಕಡಿಮೆ. ಅಲ್ಲಿ ಗೀರುಗಳನ್ನೇ ಗುರುತು ಹಾಕಿಕೊಳ್ಳಬೇಕು.

ಕಳುಹಿಸುವ ವಿಧಾನದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನೋಂದಾಯಿತ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿದೆ. ವಿಳಾಸದಾರರ ಕೈಗೇ ತಲುಪಿಸುವ ನೋಂದಣಿಯನ್ನೂ ವಿಮೆಯನ್ನೂ ಕೌಂಟರಿನಲ್ಲಿ ಪ್ರತ್ಯೇಕವಾಗಿ ಕೇಳಿ ಪಡೆಯಬೇಕು. ಅನೇಕ ಕೊರಿಯರ್ ಸಂಸ್ಥೆಗಳ ನಿಯಮಗಳಲ್ಲಿ ನಾಣ್ಯ, ನೋಟು, ಬಂಗಾರ ಸ್ವೀಕರಿಸುವುದಿಲ್ಲವೆಂದೇ ಇರುತ್ತದೆ. ಸುಳ್ಳು ವಿವರ ಬರೆದು ಕಳುಹಿಸಿದ ಪೊಟ್ಟಣ ಕಳೆದುಹೋದರೆ ಪರಿಹಾರ ಕೇಳಲು ಬಾಯಿಯಿರುವುದಿಲ್ಲ.

ಆನ್‌ಲೈನ್ ಮಾರುಕಟ್ಟೆಯಲ್ಲಿ ಒಳ್ಳೆಯ ಅಭಿಪ್ರಾಯದ ನಕ್ಷತ್ರಗಳನ್ನು ಗಳಿಸಿರುವ ಖರೀದಿದಾರರು ಮಾತ್ರ ಸುರಕ್ಷಿತ ಎಂದು ಮೇಲೆ ಒಬ್ಬ ಸದಸ್ಯರು ಬರೆದಿದ್ದಾರೆ. ಇಬೇ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ 2008ರಿಂದ ಮಾರಾಟಗಾರರು ಖರೀದಿದಾರರಿಗೆ ಕೆಟ್ಟ ಅಭಿಪ್ರಾಯ ಬರೆಯುವಂತೆಯೇ ಇಲ್ಲ. ಆದ್ದರಿಂದ ಅಲ್ಲಿ ಖರೀದಿದಾರರ ಹೆಸರಿನ ಮುಂದೆ ಕಾಣುವ ಸಂಖ್ಯೆ ಅವರು ಎಷ್ಟು ಕೊಂಡರೆಂದು ತಿಳಿಸೀತೇ ಹೊರತು ಎಷ್ಟು ಬಾರಿ ತಕರಾರು ತೆಗೆದರೆಂದು ತಿಳಿಸದು.

ಕಂಠೀರಾಯಿ ಹಣಗಳನ್ನು ಮಾತ್ರ ಅಂಚೆಯಲ್ಲಿ ಯಾರಿಗೂ ಕಳುಹಿಸಬೇಡಿ. ಅರ್ಧ ಗ್ರಾಮೂ ತೂಗದ ಬಂಗಾರದ ಕಾಳು ಅದು. ನರಸಿಂಹನ ಆಕೃತಿಯ ನಕಲುಗಳು ಬೇಕಾದಷ್ಟಿವೆ, ಯಾರಾದರೂ ಅಸಲನ್ನು ಬದಲಾಯಿಸಿದರೆ ಅದನ್ನು ರುಜುವಾತುಪಡಿಸುವುದು ಕಷ್ಟ. ನಾಣ್ಯ ಪ್ರದರ್ಶನಕ್ಕೆ ಒಯ್ದು, ಬಲ್ಲ ಇಬ್ಬರಿಗೆ ತೋರಿಸಿ, ಎದುರಿಗೇ ತೂಗಿ, ಎದುರಿಗೇ ಹಣ ಪಡೆದು ಮಾರಿ.

ಸದ್ಯಕ್ಕೆ ಆ ಖರೀದಿದಾರರಿಗೆ ಹೀಗೆ ಬರೆಯಬಹುದು: ಭಾರತದೊಳಗಿನ, ತಮ್ಮದೇ ಹೆಸರಿನ ವಿಳಾಸ ಕೊಡಬೇಕು, ತಮ್ಮದೇ ಖಾತೆಯಿಂದ ಹಣ ಹಾಕಬೇಕು, ಮೊದಲ ಬಾರಿಗೆ ಎರಡು ಕಾಸುಗಳನ್ನಷ್ಟೇ ಕೊಡುತ್ತೇನೆ. ಒಪ್ಪಿದರೆ ಆ ಎರಡರ ತೂಕ ಮತ್ತು ಚಿತ್ರಗಳನ್ನು ಇಲ್ಲಿ ಹಾಕಿ. ಟಂಕಸಾಲೆ ಓದಿ ಬೆಲೆ ಸರಿಯಿದೆಯೇ ಎಂದು ಹೇಳುತ್ತೇನೆ, ಏಕೆಂದರೆ ನಿಮ್ಮ ಮೂರನೆಯ ಚಿತ್ರದಲ್ಲಿರುವ ಕಾಸು ಶ್ರೀರಂಗಪಟ್ಟಣದ್ದಲ್ಲವೆಂದು ನನಗೆ ತೋರುತ್ತದೆ.