ಓದುಗರ ಪ್ರಶ್ನೆಗೆ ಉತ್ತರ: ಕೊಪ್ಪಳ ಸೀಮೆಗೆ ಹಾಡು ಕೇಳಲು ಬರುವವರಿಗೆ

ಪ್ರಶ್ನೆ: ನಾವಿಬ್ಬರೂ ನಿವೃತ್ತರು. ಹಂಪಿಯನ್ನು ಈಗಾಗಲೇ ನೋಡಿದ್ದೇವೆ. ಈ ಸಲ ಗುಡಿ ಗೋಪುರಗಳನ್ನು ಸುತ್ತುವುದಕ್ಕಿಂತ ಕೊಪ್ಪಳ, ಬಳ್ಳಾರಿ ಕಡೆಯ ಜನರೊಂದಿಗೆ ಬೆರೆತು, ಅವರ ಹಾಡು ಕೇಳಿ, ಹೊಳೆ ಗುಡ್ಡಗಳನ್ನು ನೋಡಿ ಬರುವ ಆಸೆಯಿದೆ. ಒಂದು ವಾರದ ಬಿಡುವಿದೆ. ಯಾವ ಊರುಗಳಿಗೆ ಹೋಗಬೇಕು?
– ಓದುಗ ದಂಪತಿ, ಮೈಸೂರು

ಉತ್ತರ: ಯಾವ ಊರಿಗೆ ಹೋಗಬೇಕೆಂದು ನೀವು ಕೇಳಿದ್ದೀರಿ, ಯಾವ ತಿಥಿಗೆ ಬರಬೇಕೆಂಬುದನ್ನು ನಾನು ಮೊದಲು ಹೇಳುತ್ತೇನೆ. ನಮ್ಮ ಸೀಮೆಯ ಹಾಡುಗಳಲ್ಲಿ ಬಹುಪಾಲು ಕೇಳುಗರಿಗಾಗಿ ಹುಟ್ಟಿದವಲ್ಲ. ಹರಕೆ ತೀರಿಸುವುದಕ್ಕೆ, ಮದುವೆಯಲ್ಲಿ ಸುರಗಿ ಸುತ್ತುವುದಕ್ಕೆ, ತೀರಿಕೊಂಡವರ ಮನೆಯ ಮುಂದೆ ಇರುಳು ಕಳೆಯುವುದಕ್ಕೆ ಹುಟ್ಟಿದ ಹಾಡುಗಳು ಅವು. ಆ ಕೆಲಸವಿದ್ದಾಗ ಹಾಡು ಇರುತ್ತದೆ, ಇಲ್ಲದಾಗ ಹಾಡುವವರು ಹೊಲದಲ್ಲಿರುತ್ತಾರೆ ಅಥವಾ ಕೂಲಿಗೆ ಹೋಗಿರುತ್ತಾರೆ. ಕೆಲಸವೇ ಹೋದರೆ ಹಾಡೂ ಹೋಗುತ್ತದೆ: ಕಣದಲ್ಲಿ ಎತ್ತು ಸುತ್ತಿಸುತ್ತ ಹಾಡುತ್ತಿದ್ದ ಹಂತಿ ಪದಗಳು ರಾಶಿ ಮಾಡುವ ಯಂತ್ರ ಬಂದ ಮೇಲೆ ಕಣದಲ್ಲಿ ಕೇಳಿಬರುವುದು ಅಪರೂಪವಾಗಿದೆ. ಆದ್ದರಿಂದ ಪ್ರವಾಸದ ದಿನಗಳನ್ನು ರಜೆಯ ಅನುಕೂಲಕ್ಕಿಂತ ಪಂಚಾಂಗವನ್ನು ನೋಡಿ ಗೊತ್ತುಮಾಡಿಕೊಳ್ಳಿ.

ನಿಮಗೆ ನಾನು ಸೂಚಿಸುವ ಕಾಲ ಪುಷ್ಯಮಾಸದ ಬನದ ಹುಣ್ಣಿಮೆಯ ಆಸುಪಾಸು. ಹುಣ್ಣಿಮೆಯ ಹಿಂದಿನ ದಿನವೇ ಮುನಿರಾಬಾದ್ ಹತ್ತಿರದ ಹುಲಿಗಿಗೆ ಬನ್ನಿ. ತುಂಗಭದ್ರೆಯ ದಂಡೆಯಲ್ಲಿರುವ ಹುಲಿಗೆಮ್ಮನ ಗುಡಿಗೆ ಪ್ರತಿ ಹುಣ್ಣಿಮೆಗೂ ದೂರದೂರದ ಊರುಗಳಿಂದ ಜನ ಬರುತ್ತಾರೆ, ಅವರೊಡನೆ ದೇವಿಯ ಸೇವೆಗೆ ಮುಡಿಪಾದ ಜೋಗತಿಯರೂ ಬರುತ್ತಾರೆ, ಅವರಲ್ಲಿ ಲಿಂಗಪರಿವರ್ತಿತರೂ ಇದ್ದಾರೆ. ಅವರ ವಾದ್ಯವಾದ ಚೌಡಿಕೆಯನ್ನು ಹತ್ತಿರದಿಂದ ನೋಡಿ: ಒಂದು ಕಡೆ ಚರ್ಮ ಬಿಗಿದ ಸಣ್ಣ ಮರದ ಕೊಳಗ, ಅದರ ನಡುವಿನಿಂದ ಹೊರಟ ಒಂದೇ ತಂತಿ. ಕೊಳಗವನ್ನು ಬಗಲಲ್ಲಿ ಅವುಚಿಕೊಂಡು, ತಂತಿಯನ್ನು ಒಂದು ಕೈಯಿಂದ ಎಳೆದು ಸಡಿಲಿಸುತ್ತ ಇನ್ನೊಂದು ಕೈಯಿಂದ ಮೀಟಿದಾಗ ಸ್ವರವೂ ತಾಳವೂ ಅದೊಂದರಿಂದಲೇ ಹೊರಡುತ್ತವೆ. ಎಲ್ಲಮ್ಮನ ಕಥೆ, ಜಮದಗ್ನಿಯ ಸಿಟ್ಟು, ಪರಶುರಾಮನ ಕೊಡಲಿ ಎಲ್ಲವೂ ಆ ಒಂದು ತಂತಿಯ ಮೇಲೆ ನಡೆಯುತ್ತವೆ. ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಜೋಗತಿ ನೃತ್ಯವನ್ನು ನಾಡಿನ ವೇದಿಕೆಗಳಿಗೆ ಕೊಂಡೊಯ್ದ ಮಂಜಮ್ಮ ಜೋಗತಿಯವರು ಹತ್ತಿರದ ಮರಿಯಮ್ಮನಹಳ್ಳಿಯವರು; ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದರು, 2021ರಲ್ಲಿ ಪದ್ಮಶ್ರೀ ಪಡೆದರು. ಆದರೆ ಹುಲಿಗಿಯ ದಂಡೆಯಲ್ಲಿ ನೀವು ಕಾಣುವವರಲ್ಲಿ ಅನೇಕರಿಗೆ ಇಂದಿಗೂ ಬಾಡಿಗೆ ಮನೆ ಸಿಗುವುದೇ ಕಷ್ಟ. ಅವರನ್ನು ಬಣ್ಣದ ಸೀರೆಯ ಒಂದು ಚಿತ್ರವೆಂದು ನೋಡದೆ, ಪಕ್ಕದಲ್ಲಿ ಕುಳಿತು ಊರು ಯಾವುದೆಂದು ಕೇಳಿ. ಮಾತು ತಾನಾಗಿ ಮುಂದುವರಿಯುತ್ತದೆ.

ಹುಣ್ಣಿಮೆಯಾದ ಎರಡನೆಯ ದಿನ, ಅಂದರೆ ಪುಷ್ಯ ಬಹುಳ ಬಿದಿಗೆಯಂದು, ಕೊಪ್ಪಳದಲ್ಲಿ ಗವಿಸಿದ್ಧೇಶ್ವರ ಜಾತ್ರೆಯ ರಥೋತ್ಸವ. 2024ರಲ್ಲಿ ಅದು ಜನವರಿ 27ಕ್ಕೆ, 2025ರಲ್ಲಿ ಜನವರಿ 15ಕ್ಕೆ ಬಂದಿತ್ತು. ತೇರು ಎಳೆಯುವುದನ್ನು ಎಲ್ಲರೂ ನೋಡುತ್ತಾರೆ, ನೀವೂ ನೋಡಿ. ಆದರೆ ನನ್ನ ಮಟ್ಟಿಗೆ ಆ ಜಾತ್ರೆಯ ಜೀವ ಮಹಾದಾಸೋಹದಲ್ಲಿದೆ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ವಾರಗಳ ಮೊದಲಿನಿಂದ ಬಡಿದಿಟ್ಟ ಜೋಳದ ಕಟಿ ರೊಟ್ಟಿಗಳು ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಡೊಳ್ಳು ಭಜನೆಗಳೊಂದಿಗೆ ಮಠಕ್ಕೆ ಬರುವುದನ್ನು ತಪ್ಪದೆ ನೋಡಬೇಕು. ಎಷ್ಟೋ ಒಳ್ಳೆಯ ಭಜನಾ ಮೇಳಗಳನ್ನು ನೀವು ವೇದಿಕೆಗಿಂತ ಆ ಚಕ್ಕಡಿಗಳ ಹಿಂದೆ ಕೇಳುತ್ತೀರಿ. ಪಂಕ್ತಿಯಲ್ಲಿ ಕುಳಿತವರು ‘ಉಣ್ಣಾಕ ಬರ್ರಿ’ ಎಂದು ಜಾಗ ಸರಿಸಿ ಕೊಟ್ಟಾಗ ಸಂಕೋಚಪಟ್ಟು ನಿಲ್ಲಬೇಡಿ.

ಉಳಿದ ದಿನಗಳನ್ನು ಹಳ್ಳಿಗಳಿಗೆ ಇಡಿ. ಕೊಪ್ಪಳದ ಸಮೀಪದ ಕಿನ್ನಾಳದಲ್ಲಿ ಚಿತ್ರಗಾರರ ಮನೆಗಳು ಹಗುರ ಮರದ ಗೊಂಬೆಗಳಿಗೆ ಹೆಸರಾಗಿವೆ. ಮರದ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿ ಮಾಡಿದ ಕಿಟ್ಟವನ್ನು ಗೊಂಬೆಯ ಸಂದುಗಳಿಗೆ ಹಚ್ಚಿ ನಯಗೊಳಿಸುವುದನ್ನು ನೋಡಲು ಸ್ವಲ್ಪ ಹೊತ್ತು ಕುಳಿತುಕೊಳ್ಳಬೇಕು. ಮೋರನಾಳ ತೊಗಲುಗೊಂಬೆಯಾಟದ ಊರು. ಅಲ್ಲಿಯ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಮಳೆ ಹೋದ ವರ್ಷ ಗೊಂಬೆಯಾಟ ಆಡಿಸಿದರೆ ಮಳೆ ಬರುತ್ತದೆಂಬ ನಂಬಿಕೆ ನಮ್ಮ ಕಡೆಯ ಹಳ್ಳಿಗಳಲ್ಲಿದೆ. ರಾಮಾಯಣ ಮಹಾಭಾರತಗಳ ಕಥೆ ಬಿಳಿ ಪರದೆಯ ಹಿಂದೆ ಇರುಳೆಲ್ಲ ನಡೆಯುತ್ತಿದ್ದುದು ಆ ನಂಬಿಕೆಯ ಬಲದಿಂದಲೇ.

ಮೈಸೂರಿನಿಂದ ಹೊರಡುವ ಹಂಪಿ ಎಕ್ಸ್‌ಪ್ರೆಸ್ ಬಳ್ಳಾರಿ, ಹೊಸಪೇಟೆಗಳ ಮೇಲೆ ಹಾದು ಕೊಪ್ಪಳಕ್ಕೇ ಬರುತ್ತದೆ. ಜಾತ್ರೆಯ ದಿನಗಳಲ್ಲಿ ವಸತಿ ಸಿಗುವುದು ಕಷ್ಟವಾದ್ದರಿಂದ ಕೋಣೆಯನ್ನು ಬಹಳ ಮೊದಲೇ ಕಾದಿರಿಸಿಕೊಳ್ಳಿ.

ಪ್ರಶ್ನೆ: ನನಗೆ ಪ್ರಾಣಿ, ಪಕ್ಷಿ, ಗುಡ್ಡಗಳ ಒಲವು ಹೆಚ್ಚು, ಜನಪದ ಸಂಗೀತದ್ದೂ ಸ್ವಲ್ಪ ಇದೆ. ಬಯಲುಸೀಮೆಯ ಈ ಭಾಗದಲ್ಲಿ ಕಲ್ಲು, ಬಿಸಿಲು ಬಿಟ್ಟರೆ ಏನಿದೆ ಎಂದು ಗೆಳೆಯರು ಕೇಳುತ್ತಾರೆ. ಏನೆಂದು ಹೇಳಲಿ?
– ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಕಲ್ಲಿನಿಂದಲೇ ಆರಂಭಿಸಲು ಹೇಳಿ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೆ ಕಬ್ಬಿಣ ಯುಗದ ನೂರಾರು ಶಿಲಾಸಮಾಧಿಗಳಿವೆ. ನಾಲ್ಕು ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದನ್ನು ಹೊದಿಸಿದ ಆ ಕಲ್ಮನೆಗಳನ್ನು ಊರಿನವರು ಮೋರ್ಯರ ಮನೆಗಳೆನ್ನುತ್ತಾರೆ. ಅಲ್ಲಿಯೇ ಎತ್ತರದ ಬಂಡೆಯೊಂದರ ಮೇಲೆ ನಗಾರಿಯಂತೆ ಗುಂಡಗಿರುವ ಕಲ್ಲೊಂದಿದೆ. ಅದನ್ನು ಬಡಿದರೆ ಹೊಮ್ಮುವ ನಾದ ಗುಡ್ಡದಾಚೆಗೂ ಕೇಳುತ್ತದೆ. ನಮ್ಮ ಸೀಮೆಯ ವಾದ್ಯಗಳ ಸಾಲಿನಲ್ಲಿ ನಾನು ಮೊದಲಿಡುವುದು ಅದನ್ನೇ. ಕಲ್ಲಿನಿಂದ ಕಲ್ಲನ್ನು ಕುಟ್ಟುವ ಕೆಲಸವನ್ನು ಮಾತ್ರ ದಯವಿಟ್ಟು ಯಾರೂ ಮಾಡಬಾರದು. ದಾರಿ ಕುರುಚಲು ಕಾಡಿನ ನಡುವೆ ಹೋಗುವುದರಿಂದ ಊರಿನ ಒಬ್ಬರನ್ನು ಜೊತೆಗೆ ಕರೆದುಕೊಂಡು, ಬಿಸಿಲೇರುವ ಮೊದಲು ಹತ್ತಿ ಇಳಿಯಿರಿ. ಜೊತೆಗೆ ಬಂದವರಿಗೆ ಒಂದು ದಿನದ ಕೂಲಿ ಕೊಡಿ.

ಹೊಳೆಯ ಕಡೆಗೆ ಬಂದರೆ, ಮುದ್ಲಾಪುರದಿಂದ ಕಂಪ್ಲಿಯವರೆಗಿನ ತುಂಗಭದ್ರೆಯ ಸುಮಾರು 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಆನೆಗೊಂದಿಯ ದಂಡೆಯಲ್ಲಿ ಬೆಳಗಿನ ಹೊತ್ತು ಸದ್ದಿಲ್ಲದೆ ಕುಳಿತರೆ ಬಂಡೆಗಳ ನಡುವೆ ಅವು ಗುಂಪಾಗಿ ಈಜುವುದನ್ನು ಕಾಣುವ ಅವಕಾಶವಿದೆ. ಮೀನುಗಾರರಿಗೆ ಅವುಗಳ ಮೇಲೆ ಪ್ರೀತಿಯೊಂದೇ ಇಲ್ಲ, ಬಲೆ ಹರಿಯುವ ಪ್ರಾಣಿಯೆಂಬ ದೂರೂ ಇದೆ, ಎರಡನ್ನೂ ಕೇಳಿಸಿಕೊಳ್ಳಿ. ಹರಿಗೋಲಿನಲ್ಲಿ ಹೋಗುವುದಾದರೆ ಅಂಬಿಗರು ಬೇಡವೆಂದ ದಿನ ಒತ್ತಾಯಿಸಬೇಡಿ. ಅಣೆಕಟ್ಟೆಯಿಂದ ನೀರು ಬಿಟ್ಟಾಗ ಹೊಳೆ ಎಷ್ಟು ಬೇಗ ಏರುತ್ತದೆಂದು ಅವರಿಗೆ ಗೊತ್ತು. ಸಾಣಾಪುರದ ಸುತ್ತಮುತ್ತ ಈಜಲು ಇಳಿದು ಜೀವ ಕಳೆದುಕೊಂಡ ಪ್ರವಾಸಿಗರಿದ್ದಾರೆ.

1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮ ಬಳ್ಳಾರಿ, ವಿಜಯನಗರ ಜಿಲ್ಲೆಗಳ ಗಡಿಭಾಗದಲ್ಲಿದೆ. ಮಧ್ಯಾಹ್ನದ ಮೇಲೆ ವೀಕ್ಷಣಾ ಗೋಪುರದಲ್ಲಿ ಕುಳಿತರೆ, ಬಂಡೆಗೆ ಸವರಿದ ಬೆಲ್ಲದ ಆಸೆಗೆ ಕರಡಿಗಳು ಮರಿಗಳನ್ನು ಬೆನ್ನ ಮೇಲೆ ಹೊತ್ತು ಬರುವುದನ್ನು ನೋಡಬಹುದು. ದರೋಜಿ ಎಂದೊಡನೆ ನಮ್ಮವರಿಗೆ ಕರಡಿಗಿಂತ ಮೊದಲು ನೆನಪಾಗುವವರು ಬುರ್ರಕಥೆ ಎಂಬ ಕಥೆ ಹಾಡುವ ಕಲೆಯ ಬುರ್ರಕಥಾ ಈರಮ್ಮ. 2014ರಲ್ಲಿ ತೀರಿಕೊಂಡ ಆ ಬುಡ್ಗಜಂಗಮ ಸಮುದಾಯದ ತಾಯಿ, ಅಕ್ಷರ ಕಲಿಯದೆಯೇ, ಕಂಪಿಲರಾಯನ ಮಗ ಕುಮಾರರಾಮನ ಕಥೆಯೂ ಸೇರಿದಂತೆ ಹಲವು ಮಹಾಕಾವ್ಯಗಳನ್ನು ನೆನಪಿನಲ್ಲಿಟ್ಟುಕೊಂಡು ಇರುಳಿಡೀ ಹಾಡಬಲ್ಲವರಾಗಿದ್ದರು. ಆ ಕುಮಾರರಾಮನ ಕುಮ್ಮಟದುರ್ಗ ಇರುವುದೂ ಗಂಗಾವತಿಯ ಸೀಮೆಯಲ್ಲಿಯೇ. ಕಥೆ ಕೇಳಿ ಆಮೇಲೆ ಆ ಗುಡ್ಡ ಹತ್ತಿದವರಿಗೆ ಅಲ್ಲಿಯ ಬಂಡೆಗಳು ಬೇರೆಯಾಗಿಯೇ ಕಾಣುತ್ತವೆ. ಕಾಲ ಕೇಳಿದರೆ ನವೆಂಬರಿನಿಂದ ಫೆಬ್ರವರಿ. ಎಳ್ಳಮಾವಾಸ್ಯೆಗೆ ಬಂದರೆ ಇನ್ನೂ ಒಳ್ಳೆಯದು. ಅಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಒಬ್ಬರು ಬೆಳೆಯ ನಡುವೆ ಚರಗ, ಅಂದರೆ ಭೂಮಿತಾಯಿಗೆ ಎಡೆಯ ಅಡುಗೆ, ಚೆಲ್ಲುತ್ತ ನಡೆದರೆ ಹಿಂದೆ ಇನ್ನೊಬ್ಬರು ನೀರು ಚಿಮುಕಿಸುತ್ತಾರೆ. ಆಮೇಲೆ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆಗಳ ಊಟಕ್ಕೆ ದಾರಿಹೋಕರನ್ನೂ ಕೂಗಿ ಕರೆಯುವುದು ರೂಢಿ. ಬಿಳಿಜೋಳದ ತೆನೆ ಹಾಲುಗಟ್ಟುವ ದಿನಗಳಾದರೆ ಸುಟ್ಟ ಎಳೆಯ ಜೋಳದ ಸೀತನಿಯೂ ಸಿಗುತ್ತದೆ.

ಪ್ರಶ್ನೆ: ಮುದಗಲ್ಲಿನ ಮೊಹರಂ ನೋಡಬೇಕೆಂದಿದ್ದೇನೆ. ಹೊರಗಿನವರು, ಅದರಲ್ಲೂ ಹೆಂಗಸರು ಹೋಗಬಹುದೇ?
– ಶಾಲಾ ಶಿಕ್ಷಕಿ, ದಾವಣಗೆರೆ

ಉತ್ತರ: ಧಾರಾಳವಾಗಿ ಹೋಗಬಹುದು. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಮ್ಮಿಗೆ, ನಮ್ಮ ಕಡೆಯ ಮಾತಿನಲ್ಲಿ ಅಲಾಯಿ ಹಬ್ಬಕ್ಕೆ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರಗಳಿಂದಲೂ ಕುಟುಂಬ ಸಮೇತ ಭಕ್ತರು ಬರುತ್ತಾರೆ. ಹಿಂದೂಗಳು ಹರಕೆ ಹೊತ್ತು ಲಾಡಿ ಎಂಬ ದಾರ ಹಾಕಿಕೊಂಡು ಫಕೀರರಾಗುತ್ತಾರೆ. ಮನೆಮನೆಗಳಲ್ಲಿ ಚೋಂಗೆ ಎಂಬ ಸಿಹಿ ತಿನಿಸು ಮಾಡುತ್ತಾರೆ. ನೀವು ಸಂಗೀತಕ್ಕಾಗಿ ಬರುವುದಾದರೆ ಹಬ್ಬದ ಕೊನೆಯ ದಿನದ ಹಿಂದಿನ ಕತ್ತಲ ರಾತ್ರಿಯವರೆಗೆ ಕಾಯದೆ ಒಂದೆರಡು ದಿನ ಮೊದಲೇ ಬಂದು, ಮುದಗಲ್ಲಿನ ಗದ್ದಲಕ್ಕಿಂತ ಸುತ್ತಲಿನ ಸಣ್ಣ ಹಳ್ಳಿಯೊಂದರ ಬೆಂಕಿ ಹಾಕುವ ಅಲಾಯಿ ಕುಣಿಯ ಬಳಿ ಸಂಜೆ ಕಳೆಯಿರಿ. ಕಾಲಿಗೆ ಗೆಜ್ಜೆ ಕಟ್ಟಿದ ಹೆಜ್ಜೆಮೇಳದವರು ಸುತ್ತುಗಟ್ಟಿ ಹಾಡುವ ರಿವಾಯತ್ ಪದಗಳು ಅಲ್ಲಿ ಸ್ಪಷ್ಟವಾಗಿ ಕಿವಿಗೆ ಬೀಳುತ್ತವೆ. ಹಸನ್ ಹುಸೇನರ, ಕರ್ಬಲಾದ ಕಥೆಯನ್ನು ಅಚ್ಚ ಕನ್ನಡದಲ್ಲಿ, ನಮ್ಮ ಹೊಲ ಮನೆಗಳ ಮಾತಿನಲ್ಲಿ ಕೇಳಿದಾಗ ಆಗುವ ಅನುಭವವನ್ನು ನೀವು ಮರಳಿ ಹೋಗಿ ಮಕ್ಕಳಿಗೆ ಹೇಳಬೇಕೆಂಬುದು ನನ್ನ ಆಸೆ. ಮೊಹರಂ ಚಾಂದ್ರಮಾನದ ಲೆಕ್ಕದಲ್ಲಿ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2025ರಲ್ಲಿ ಅದು ಜುಲೈ ಮೊದಲ ವಾರದಲ್ಲಿತ್ತು, ಈಗಿನಿಂದಲೇ ದಿನ ವಿಚಾರಿಸಿಕೊಳ್ಳಿ.

ಪ್ರಶ್ನೆ: ಹತ್ತು ಜನ ಗೆಳೆಯರು ಬರುತ್ತಿದ್ದೇವೆ. ನಾವು ತಂಗುವ ರೆಸಾರ್ಟಿಗೇ ಒಂದು ಜನಪದ ತಂಡವನ್ನು ಕರೆಸಿ ಹಾಡಿಸಿದರೆ ಹೇಗೆ? ಚಿತ್ರೀಕರಿಸಿಕೊಳ್ಳಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ಕರೆಸುವುದು ತಪ್ಪಲ್ಲ, ಅದರಿಂದ ನಾಲ್ಕು ಮನೆಗಳ ಒಲೆ ಉರಿಯುತ್ತದೆ. ಆದರೆ ಊಟದ ಮೇಜುಗಳ ನಡುವೆ ಅರ್ಧ ಗಂಟೆ ಹಾಡಿಸಿ ಕಳಿಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಭಜನೆ ಅಥವಾ ತತ್ವಪದ ಕಾವೇರುವುದಕ್ಕೇ ಒಂದು ಗಂಟೆ ಬೇಕು. ಏಕತಾರಿ, ದಮ್ಮಡಿ, ತಾಳಗಳು ಹೊಂದಿಕೊಂಡು, ಹಾಡುವವರು ನಿಮ್ಮನ್ನು ಮರೆತ ಮೇಲೆಯೇ ನಿಜವಾದ ಹಾಡು ಬರುತ್ತದೆ. ಸಾಧ್ಯವಾದರೆ ಅಮಾವಾಸ್ಯೆಯ ರಾತ್ರಿ ಅಥವಾ ಶ್ರಾವಣಮಾಸದ ಯಾವುದಾದರೊಂದು ಇರುಳು, ಮೇಳದವರ ಊರಿನ ಗುಡಿಗೇ ನೀವು ಹೋಗಿ ಚಾಪೆಯ ಮೇಲೆ ಕುಳಿತುಕೊಳ್ಳಿ. ಹೋಗುವಾಗ ಒಂದು ತೆಂಗಿನಕಾಯಿ, ಎಲ್ಲರಿಗೂ ಆಗುವಷ್ಟು ಚಹಾಪುಡಿ ಸಕ್ಕರೆ ಒಯ್ದರೆ ಅದು ಊರಿನ ರೀತಿಗೆ ಒಪ್ಪುತ್ತದೆ. ಹಿರಿಯ ಹೆಣ್ಣುಮಕ್ಕಳನ್ನು ಅವ್ವಾ ಎಂದು, ಗಂಡಸರನ್ನು ಅಣ್ಣಾ, ಕಾಕಾ ಎಂದು ಕರೆಯಿರಿ.

ಸಂಭಾವನೆಯ ವಿಷಯವನ್ನು ಮೇಳದ ಹಿರಿಯರೊಂದಿಗೆ ನೇರವಾಗಿ, ಮೊದಲೇ ಮಾತನಾಡಿ; ನಡುವಿನವರ ಕೈಗೆ ಕೊಟ್ಟ ಹಣ ಎಷ್ಟೋ ಸಲ ಹಾಡಿದವರಿಗೆ ಪೂರ್ತಿ ತಲುಪುವುದಿಲ್ಲ. ಅಂದಿನ ಕೂಲಿ, ಬಂದು ಹೋಗುವ ಖರ್ಚು, ವಾದ್ಯದ ರಿಪೇರಿ ಎಲ್ಲವೂ ಆ ಮೊತ್ತದಲ್ಲಿ ಸೇರಿರಬೇಕು. ಚಿತ್ರೀಕರಣಕ್ಕೆ ಹಾಡು ಆರಂಭವಾಗುವ ಮೊದಲೇ ಅನುಮತಿ ಕೇಳಿ, ಸಾರ್ವಜನಿಕವಾಗಿ ಹಂಚುವುದಾದರೆ ಅದನ್ನೂ ಹೇಳಿ, ಹಂಚುವಾಗ ಹಾಡಿದವರ ಹೆಸರು ಮತ್ತು ಊರನ್ನು ಬರೆಯಿರಿ. ಹರಕೆಯ ಪೂಜೆ ನಡೆಯುವಾಗ, ಯಾರಿಗಾದರೂ ದೇವರು ಮೈದುಂಬಿ ಬಂದಾಗ ಮೊಬೈಲನ್ನು ಕಿಸೆಯಲ್ಲಿಡಿ. ಊರಿಗೆ ಮರಳಿದ ಮೇಲೆ ಆ ಧ್ವನಿಮುದ್ರಣದ ಒಂದು ಪ್ರತಿಯನ್ನು ಮೇಳದವರಿಗೆ ಕಳಿಸಿಕೊಡಿ. ತಮ್ಮ ಹಿರಿಯರ ದನಿ ಎಲ್ಲಿಯೂ ಉಳಿದಿಲ್ಲವೆಂದು ಕೊರಗುವ ಮನೆಗಳು ನಮ್ಮ ಹಳ್ಳಿಗಳಲ್ಲಿ ಬಹಳ ಇವೆ.