ಕೋಳಿಯ ಮೇಲೆ ಗೂಬೆ ಕೂರಿಸುವ ಮುನ್ನ

ದಾವಣಗೆರೆಯ ಓದುಗರೊಬ್ಬರ ಪತ್ರ: "ಮಗಳಿಗೆ ಏಳೂವರೆ ವರ್ಷ. ಸ್ನಾನ ಮಾಡಿಸುವಾಗ ಎಡ ಎದೆಯಲ್ಲಿ ಸಣ್ಣ ಗಂಟು ಕೈಗೆ ಸಿಕ್ಕಿತು. ಮುಟ್ಟಿದರೆ ನೋವಂತೆ. 'ಇದು ಕುರುವಾ ಅಮ್ಮ?' ಅಂತ ಕೇಳುತ್ತಾಳೆ. ಇಂಜೆಕ್ಷನ್ ಕೋಳಿಯಿಂದಲೇ ಹೀಗೆ ಎಂದು ಅತ್ತೆಯವರು ಚಿಕನ್, ಮೊಟ್ಟೆ, ಹಾಲು ಎಲ್ಲ ಬಿಡಿಸಿದ್ದಾರೆ. ನೀವು ನೋಡಿದರೆ ಮಕ್ಕಳಿಗೆ ಮೊಟ್ಟೆ ಕೊಡಿ ಎಂದು ಬರೆಯುತ್ತೀರಿ!"

ಸಂಪಾದಕರ ಉತ್ತರ:

ಮೊದಲು ಅವಸರದ ಮಾತು. ಹುಡುಗಿಯರಿಗೆ ಎಂಟು ತುಂಬುವ ಮೊದಲೇ ಎದೆ ಮೂಡಿದರೆ ಡಾಕ್ಟರು ಅದನ್ನು ತೀರಾ ಬೇಗ ಎಂದು ಎಣಿಸುತ್ತಾರೆ. ಹುಡುಗರಿಗೆ ಈ ಗೆರೆ ಒಂಬತ್ತು. ಹಾಗಾಗಿ ಮಗುವನ್ನು ಮಕ್ಕಳ ಡಾಕ್ಟರಿಗೆ ತೋರಿಸಿ. ಗಾಬರಿ ಬೇಡ. ಮೊದಲು ಒಂದೇ ಕಡೆ ಮೂಡುವುದು, ಮುಟ್ಟಿದರೆ ನೋಯುವುದು ಮಾಮೂಲು. ಎಡಗೈಯ ಎಕ್ಸ್‌ರೇ ಬರೆದುಕೊಡಬಹುದು. ಎದೆಯ ಗಂಟಿಗೆ ಕೈಯ ಎಕ್ಸ್‌ರೇ ಯಾಕೆ ಅನ್ನಿಸುತ್ತೆ, ಅಲ್ವಾ? ಮಣಿಕಟ್ಟಿನ ಮೂಳೆ ನೋಡಿದರೆ ಮೈ ಎಷ್ಟು ಮುಂದೆ ಓಡಿದೆ ಎಂದು ತಿಳಿಯುತ್ತದೆ. ಮೂಳೆ ಬೇಗ ಬಲಿತರೆ, ಇವತ್ತು ಓರಗೆಯವರಿಗಿಂತ ಎತ್ತರ ಕಾಣುವ ಮಗು ನಾಳೆ ಕುಳ್ಳಗೆ ಉಳಿದುಬಿಡುತ್ತದೆ. ಹಾಗಾಗದಂತೆ ತಡೆಹಿಡಿಯುವ ಔಷಧಿ ಇದೆ. ಎಲ್ಲರಿಗೂ ಬೇಕಾಗುವುದಿಲ್ಲ.

ಇನ್ನು ಕೋಳಿ. ಬ್ರಾಯ್ಲರ್ ನಲವತ್ತು ದಿನಕ್ಕೇ ಕೊಬ್ಬುವುದು ತಳಿಯಿಂದ, ಮೇವಿನಿಂದ. ಶೆಡ್ಡಿನಲ್ಲಿರುವ ಸಾವಿರಾರು ಕೋಳಿಗಳನ್ನು ಒಂದೊಂದಾಗಿ ಹಿಡಿದು ಸೂಜಿ ಚುಚ್ಚುತ್ತಾ ಕೂತರೆ ಸಾಕಿದವನ ಗತಿ ಏನು? ಹಾಲು ಇಳಿಸಲು ಹಸುವಿಗೆ ಆಕ್ಸಿಟೋಸಿನ್ ಚುಚ್ಚುವವರಿದ್ದಾರೆ. ಅದು ತಪ್ಪು, ಹಸುವಿಗೆ ಹಿಂಸೆ. ಆದರೆ ಅದು ಮೈನೆರೆಸುವ ಹಾರ್ಮೋನಲ್ಲ. ಹೊಟ್ಟೆಗೆ ಹೋದರೆ ಬೇಳೆಯ ಪ್ರೋಟೀನಿನಂತೆ ಜೀರ್ಣವಾಗಿಬಿಡುತ್ತದೆ.

ಹಾಗಂತ ನಿಮ್ಮ ಅತ್ತೆಯವರ ಅನುಮಾನವನ್ನು ನಗೆಯಾಡಲಾರೆ. 1970ರ ದಶಕದ ಕೊನೆಗೆ ಪೋರ್ಟೊ ರಿಕೊ ದ್ವೀಪದಲ್ಲಿ ಇನ್ನೂ ತೊದಲು ಮಾತಾಡುವ ಮಕ್ಕಳಿಗೂ ಎದೆ ಮೂಡತೊಡಗಿತು. ಅಲ್ಲಿನ ಡಾಕ್ಟರೂ ಮೊದಲು ಬೆರಳು ತೋರಿಸಿದ್ದು ಕೋಳಿ, ಹಾಲಿನ ಕಡೆಗೇ. ಪರೀಕ್ಷೆಗಳಲ್ಲಿ ಗಟ್ಟಿ ಸಾಕ್ಷಿ ಸಿಗಲಿಲ್ಲ. 2000ದಲ್ಲಿ ಇನ್ನೊಂದು ತಂಡ ಅಂಥ 41 ಹುಡುಗಿಯರ ರಕ್ತ ನೋಡಿದಾಗ 28 ಮಂದಿಯಲ್ಲಿ ಥ್ಯಾಲೇಟ್ ಸಿಕ್ಕಿತು. ಪ್ಲಾಸ್ಟಿಕ್ಕನ್ನು ಮೆದುಮಾಡುವ ರಾಸಾಯನಿಕ ಅದು. ಆ ಲೆಕ್ಕದ ಮೇಲೂ ತಕರಾರುಗಳೆದ್ದವು.

ಕಾರಣ ಹುಡುಕುವುದು ಆಮೇಲೆ. ನಿಜಕ್ಕೂ ಬೇಗ ಆಗುತ್ತಿದೆಯೇ ಎಂದು ಅಳೆಯುವುದೇ ತ್ರಾಸ. 1997ರಲ್ಲಿ ಅಮೆರಿಕದಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ಹುಡುಗಿಯರ ಲೆಕ್ಕ ಪ್ರಕಟವಾಯಿತು. ಎದೆ ಮೂಡುವ ವಯಸ್ಸು ಬಿಳಿಯರಲ್ಲಿ ಸರಾಸರಿ ಹತ್ತರ ಹತ್ತಿರ, ಕರಿಯರಲ್ಲಿ ಒಂಬತ್ತಕ್ಕೂ ಕಡಿಮೆ. ಜಗಳ ಶುರುವಾಯಿತು. ಹೆಚ್ಚಿನ ಮಕ್ಕಳನ್ನು ಕಣ್ಣಲ್ಲಿ ನೋಡಿ ಬರೆದುಕೊಂಡಿದ್ದರು, ಕೈಯಿಂದ ಮುಟ್ಟಿ ನೋಡಿರಲಿಲ್ಲ. ದುಂಡಗಿರುವ ಮಗುವಿನ ಎದೆಯಲ್ಲಿರುವುದು ಬರೀ ಕೊಬ್ಬೋ, ಒಳಗೆ ನಿಮ್ಮ ಕೈಗೆ ಸಿಕ್ಕಂಥ ಗಂಟಿದೆಯೋ ಎಂದು ಬೆರಳಿಗಷ್ಟೇ ಗೊತ್ತಾಗುವುದು. ಹುಡುಗರಿಗಾದರೆ ಡಾಕ್ಟರ ಹತ್ತಿರ ಜಪಸರದ ಹಾಗೆ ಒಂದು ಮಣಿಸರ ಇರುತ್ತದೆ. ಚಿಕ್ಕದರಿಂದ ದೊಡ್ಡದರವರೆಗೆ ಹನ್ನೆರಡು ಮಣಿ. ವೃಷಣವನ್ನು ಒಂದೊಂದು ಮಣಿಗೆ ಹೋಲಿಸುತ್ತಾರೆ. ನಾಲ್ಕು ಮಿಲಿಲೀಟರಿನ ಮಣಿಗೆ ಸರಿಸಮ ಬಂತೆಂದರೆ ಹುಡುಗ ದೊಡ್ಡವನಾಗಲು ಹೊರಟ ಎಂದರ್ಥ.

ಡೆನ್ಮಾರ್ಕಿನ ಕೋಪನ್‌ಹೇಗನ್ನಿನವರು ಕೈಯಿಂದ ಮುಟ್ಟಿಯೇ ನೋಡಿದರು. 1990ರ ದಶಕದ ಮೊದಲಲ್ಲಿ ಒಮ್ಮೆ, ಹದಿನೈದು ವರ್ಷ ಬಿಟ್ಟು ಮತ್ತೊಮ್ಮೆ. ಎದೆ ಮೂಡುವ ವಯಸ್ಸು 10.88ರಿಂದ 9.86ಕ್ಕೆ ಇಳಿದಿತ್ತು. ಪೂರ್ತಿ ಒಂದು ವರ್ಷ! ಮೊದಲ ಮುಟ್ಟಾಗುವ ವಯಸ್ಸು ಮಾತ್ರ ಮೂರ್ನಾಲ್ಕು ತಿಂಗಳಷ್ಟೇ ಇಳಿದಿತ್ತು. ಮಕ್ಕಳು ದಪ್ಪಗಾಗಿದ್ದಾರೆ ಎನ್ನೋಣವೆಂದರೆ ತೂಕದ ಲೆಕ್ಕವೂ ಅಲ್ಲಿ ಹೊಂದಲಿಲ್ಲ. ಬೊಜ್ಜಿಗೂ ಇದಕ್ಕೂ ನಂಟಿರುವುದು ನಿಜ. ಆದರೆ ಎಲ್ಲವನ್ನೂ ಬೊಜ್ಜಿನ ತಲೆಗೆ ಕಟ್ಟಲಾಗದು.

ನನ್ನನ್ನು ಜಾಸ್ತಿ ಕಾಡಿದ್ದು ನಮ್ಮ ದೇಶದ ಮಕ್ಕಳದೇ ಕತೆ. ಇಲ್ಲಿಂದ ಸ್ವೀಡನ್ನಿಗೆ ದತ್ತು ಹೋದ 107 ಹುಡುಗಿಯರ ವಿವರ 1991ರಲ್ಲಿ ಪ್ರಕಟವಾಯಿತು. ಅವರಲ್ಲಿ ಅರ್ಧದಷ್ಟು ಮಂದಿ 11.6 ವರ್ಷಕ್ಕೇ ಮೈನೆರೆದಿದ್ದರು. ಒಬ್ಬಳಿಗಂತೂ 7.3. ಅಲ್ಲಿನ ಮಕ್ಕಳಿಗೆ ಸುಮಾರು ಹದಿಮೂರು. ಸೊರಗಿದ್ದ ಕೂಸುಗಳು ಹೊಟ್ಟೆ ತುಂಬ ಊಟ ಸಿಕ್ಕು ಸರಸರನೆ ಬೆಳೆದಿದ್ದರಿಂದ ಹೀಗಾಯಿತೇ? ಬೆಲ್ಜಿಯಂನವರು ಬೇರೆ ದಾರಿ ಹಿಡಿದರು. ಹೊರದೇಶಗಳಿಂದ ಬಂದು ಬೇಗ ಮೈನೆರೆದ ಮಕ್ಕಳ ರಕ್ತದಲ್ಲಿ ಅವರಿಗೆ ಡಿಡಿಟಿ ಎಂಬ ಕೀಟನಾಶಕದ ಉಳಿಕೆ ಸಿಕ್ಕಿತು. ಎರಡೂ ಸೇರಿರಬಹುದು.

ಕೊರೊನಾ ಲಾಕ್‌ಡೌನಿನಲ್ಲಿ ಇಟಲಿಯ ಆಸ್ಪತ್ರೆಗಳಿಗೆ ಇಂಥ ಮಕ್ಕಳು ಹೆಚ್ಚು ಬಂದರು. ಮನೆಯಲ್ಲೇ ಕೂತದ್ದು, ತೂಕ, ನಿದ್ದೆಗೆಟ್ಟದ್ದು, ಮೊಬೈಲು, ಏನೇನೋ ಹೇಳಿದರು. ಕೆಲವು ಮನೆಗಳಲ್ಲಿ ಇದು ವಂಶದಲ್ಲೇ ಬರುತ್ತದೆ. ನೀವು ಎಷ್ಟನೇ ವಯಸ್ಸಿಗೆ ದೊಡ್ಡವರಾದಿರಿ ಎಂದು ಡಾಕ್ಟರು ಕೇಳಿದರೆ ನಾಚಿಕೊಳ್ಳಬೇಡಿ.

ಹೋಗುವಾಗ ಮಗಳ ಎತ್ತರ, ತೂಕ ಬರೆದ ಶಾಲೆಯ ಕಾರ್ಡ್ ಇದ್ದರೆ ಕೊಂಡೊಯ್ಯಿರಿ. ಒಂದು ವರ್ಷದಲ್ಲಿ ಎಷ್ಟು ಉದ್ದವಾದಳು ಎನ್ನುವುದು ಡಾಕ್ಟರಿಗೆ ದೊಡ್ಡ ಸುಳಿವು. ಮನೆಯಲ್ಲಿ ಯಾರಾದರೂ ಹಾರ್ಮೋನಿನ ಕ್ರೀಮ್ ಹಚ್ಚಿಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಮೈ ತಾಗಿ ಮಗುವಿಗೂ ಅಂಟುತ್ತದೆ. ಮೊಟ್ಟೆ, ಹಾಲು ಇವತ್ತಿನಿಂದಲೇ ಮತ್ತೆ ಶುರುಮಾಡಿ. ಸುಮ್ನೆ ಪಥ್ಯ ಮಾಡಿಸಿದರೆ ಮಗು ಸೊರಗುತ್ತದೆ, ಗಂಟು ಕರಗುವುದಿಲ್ಲ.

ಅವಳ ಪ್ರಶ್ನೆಗೆ ಉತ್ತರ ಬಾಕಿ ಇದೆಯಲ್ಲ. "ಕುರು ಇರಲಿಕ್ಕಿಲ್ಲ ಪುಟ್ಟ, ನಿನ್ನ ಮೈ ಸ್ವಲ್ಪ ಆತುರ ಮಾಡ್ತಿದೆ ಅನ್ಸುತ್ತೆ. ಯಾಕೆ ಅಂತ ಡಾಕ್ಟರ್ ಹತ್ರ ಕೇಳ್ಕೊಂಡು ಬರೋಣ" ಎಂದು ಹೇಳಿ. ಅತ್ತೆಯವರೂ ಜೊತೆಗೆ ಬರಲಿ.

– ಸಂ.