ಕೈನಡುಕದ ಮಾತ್ರೆ, ಕ್ಯಾನ್ಸರಿನ ಇಂಜೆಕ್ಷನ್

ದಾವಣಗೆರೆಯಿಂದ ಬರೆದಿರುವ ನೀವು, ಬಾಯಿ ಕ್ಯಾನ್ಸರಿಗೆ ಸೆಟುಕ್ಸಿಮ್ಯಾಬ್ ಇಂಜೆಕ್ಷನ್ ಪಡೆಯುತ್ತಿರುವ ನಿಮ್ಮ ಅಣ್ಣನವರ ವಿಷಯದಲ್ಲಿ ಎರಡು ಪ್ರಶ್ನೆ ಕೇಳಿದ್ದೀರಿ. ಒತ್ತಡದ ಹಾರ್ಮೋನುಗಳನ್ನು ತಡೆಯುವ ಬೀಟಾ ಬ್ಲಾಕರ್ ಮಾತ್ರೆ ಜೊತೆಗಿದ್ದರೆ ಇಂಜೆಕ್ಷನ್ ಹೆಚ್ಚು ಕೆಲಸ ಮಾಡುತ್ತದೆಯೇ ಎಂಬುದು ಒಂದು. ಅತ್ತಿಗೆಯವರ ಕೈನಡುಕಕ್ಕೆಂದು ತಂದಿಟ್ಟ ಪ್ರೊಪ್ರನಲಾಲ್ ಎಂಬ ಬೀಟಾ ಬ್ಲಾಕರ್ ಮನೆಯಲ್ಲೇ ಇರುವುದರಿಂದ ಅದನ್ನೇ ಶುರುಮಾಡಬಹುದೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ಖಂಡಿತ ಬೇಡ.

ಮೊದಲನೆಯದನ್ನು ಹಾಗೆ ತಳ್ಳಿಹಾಕಲಾಗದು. ತಲೆ-ಕುತ್ತಿಗೆಯ ಕ್ಯಾನ್ಸರುಗಳ ಪೈಕಿ ಸುಮಾರು ಶೇ. 90ರಷ್ಟರಲ್ಲಿ ಇಜಿಎಫ್‌ಆರ್ ಎಂಬ ರಿಸೆಪ್ಟರ್ (ಸಂಕೇತ ಹಿಡಿಯುವ ಪ್ರೋಟೀನು) ಜೀವಕೋಶದ ಮೈಮೇಲೆ ಅತಿಯಾಗಿರುತ್ತದೆ. ಸೆಟುಕ್ಸಿಮ್ಯಾಬ್ ಅದರ ಮೇಲೆ ಕೂತು ಬೆಳೆಯುವ ಸಂಕೇತವನ್ನು ತಡೆಯುತ್ತದೆ. ಆದರೆ ಗಡ್ಡೆ ಬೇಗನೆ ಬಳಸುದಾರಿ ಹುಡುಕಿಕೊಳ್ಳುತ್ತದೆ. ಅಮೆರಿಕದ ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒತ್ತಡದ ಹಾರ್ಮೋನು, ಪ್ರೊಪ್ರನಲಾಲ್‌ನಂಥ ಮಾತ್ರೆ ತಡೆಯುವ ಬೀಟಾ-2 ರಿಸೆಪ್ಟರಿನ ಮೂಲಕ ಐಎಲ್-6 ಎಂಬ ವಸ್ತುವನ್ನು ಹೆಚ್ಚಿಸಿ, ಇಜಿಎಫ್‌ಆರ್ ಔಷಧಕ್ಕೆ ಗಡ್ಡೆ ಬಗ್ಗದಂತೆ ಮಾಡಿದ್ದು ಕಂಡುಬಂತು. ಅಲ್ಲಿ ಇದ್ದದ್ದು ಶ್ವಾಸಕೋಶದ ಕ್ಯಾನ್ಸರ್, ಮತ್ತು ಔಷಧ ಮಾತ್ರೆಯ ರೂಪದ ಬೇರೆ ಬಗೆಯದು ಎಂಬುದನ್ನು ಪತ್ರಿಕೆಗಳ ಸುದ್ದಿಯಲ್ಲಿ ಹೇಳುವವರು ಕಡಿಮೆ.

ಒಂದು ಔಷಧಕ್ಕೆ ಇನ್ನೊಂದನ್ನು ಕೂಡಿಸಿದರೆ ಗುಣವೂ ಕೂಡುತ್ತದೆ ಎಂಬ ಲೆಕ್ಕ ಇಲ್ಲಿ ಹಲವು ಸಲ ಕೈಕೊಟ್ಟಿದೆ. ರೇಡಿಯೇಶನ್ ಒಂದೇ ಕೊಟ್ಟಾಗ 29 ತಿಂಗಳಿದ್ದ ಬದುಕುಳಿಯುವ ಅವಧಿಯ ಮೀಡಿಯನ್ (ಅರ್ಧದಷ್ಟು ರೋಗಿಗಳು ಬದುಕಿರುವ ಕಾಲ) ಸೆಟುಕ್ಸಿಮ್ಯಾಬ್ ಸೇರಿಸಿದಾಗ 49ಕ್ಕೆ ಏರಿತೆಂದು 2006ರಲ್ಲಿ ತಿಳಿಯಿತು. ಅದೇ ಔಷಧವನ್ನು ರೇಡಿಯೇಶನ್ ಜೊತೆ ಸಿಸ್‌ಪ್ಲಾಟಿನ್ ಕೀಮೋ ಪಡೆಯುತ್ತಿದ್ದವರಿಗೆ ಸೇರಿಸಿದ, ಸುಮಾರು 900 ರೋಗಿಗಳ ಪರೀಕ್ಷೆಯಲ್ಲಿ ಅಡ್ಡಪರಿಣಾಮ ಹೆಚ್ಚಿತೇ ಹೊರತು ಆಯುಷ್ಯವಲ್ಲ. ಇನ್ನೊಂದು ಕಡೆ, ನಮ್ಮ ಬೆಂಗಳೂರಿನ ಬಯೋಕಾನ್ ಭಾರತದಲ್ಲಿ ತಂದ, ಕ್ಯೂಬಾ ಮೂಲದ ನಿಮೋಟುಜುಮ್ಯಾಬ್ ಕೂಡ ಇಜಿಎಫ್‌ಆರ್ ತಡೆಯುವಂಥದ್ದೇ. ಮುಂಬೈನ ಟಾಟಾ ಆಸ್ಪತ್ರೆಯ 536 ರೋಗಿಗಳ ಪರೀಕ್ಷೆಯಲ್ಲಿ ಅದನ್ನು ಸಿಸ್‌ಪ್ಲಾಟಿನ್ ಮತ್ತು ರೇಡಿಯೇಶನ್ನಿಗೆ ಸೇರಿಸಿದಾಗ ರೋಗ ಹೆಚ್ಚು ಕಾಲ ಹತೋಟಿಯಲ್ಲಿತ್ತು. ಒಂದೊಂದು ಜೋಡಿಯನ್ನೂ ಬೇರೆಬೇರೆಯಾಗಿ ಪರೀಕ್ಷಿಸಲೇಬೇಕು. ಬೀಟಾ ಬ್ಲಾಕರ್ ಮತ್ತು ಸೆಟುಕ್ಸಿಮ್ಯಾಬ್ ಜೋಡಿ ಇಂದು ರೂಢಿಯ ಚಿಕಿತ್ಸೆಯಲ್ಲ.

ಪ್ರೊಪ್ರನಲಾಲ್ ಅಗ್ಗದ, ಹಳೆಯ ಮಾತ್ರೆಯೆಂದು ಹಗುರವಾಗಿ ಕಾಣಬಾರದು. ಅಸ್ತಮಾ ಇದ್ದವರಿಗೆ ಅದು ಉಸಿರು ಕಟ್ಟಿಸಬಲ್ಲದು. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಇಳಿದಾಗ ಬರುವ ಎದೆಬಡಿತ ಮತ್ತು ಕೈನಡುಕವನ್ನು ಮರೆಮಾಡುತ್ತದೆ, ಬೆವರು ಮಾತ್ರ ಸುಳಿವಾಗಿ ಉಳಿಯುತ್ತದೆ. ನುಂಗಲಾಗದೆ ಗಂಜಿಯಲ್ಲೇ ದಿನ ದೂಡುತ್ತಿರುವ, ಬಿಪಿ ಮೊದಲೇ ಇಳಿದಿರುವ ನಿಮ್ಮ ಅಣ್ಣನವರಿಗೆ ನೀವಾಗಿ ಕೊಟ್ಟರೆ ತಲೆಸುತ್ತಿ ಬೀಳುವ ಅಪಾಯವಿದೆ. ಇತ್ತ ಅತ್ತಿಗೆಯವರೂ ತಮ್ಮ ಮಾತ್ರೆಯನ್ನು ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು.

ಪತ್ರದ ಕೊನೆಯಲ್ಲಿ, 'ನಮ್ಮ ಜಗಳದ ಟೆನ್ಷನ್ನೇ ಗಡ್ಡೆ ಬೆಳೆಸಿತು' ಎಂದು ಅತ್ತಿಗೆಯವರು ಅಳುತ್ತಾರೆಂದು ಬರೆದಿದ್ದೀರಿ. ದಯವಿಟ್ಟು ಅವರಿಗೆ ಇದನ್ನು ಓದಿ ಹೇಳಿ. ಬಾಯಿ ಕ್ಯಾನ್ಸರಿನ ಗಡ್ಡೆಯಲ್ಲಿ ಪಿ53 ಎಂಬ ಜೀನ್ ಕೆಟ್ಟಾಗ, ಗಡ್ಡೆಯ ಕೋಶಗಳೇ ಅಕ್ಕಪಕ್ಕದ ಸಂವೇದನಾ ನರಗಳಿಗೆ ಸಂಕೇತ ಕಳಿಸಿ, ಅವನ್ನು ಒತ್ತಡದ ರಾಸಾಯನಿಕ ಸುರಿಸುವ ನರಗಳಾಗಿ ಮಾರ್ಪಡಿಸಿಕೊಳ್ಳುತ್ತವೆ ಎಂದು 2020ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿದವು. ಆ ನರಗಳು ಮನೆಯ ಮಾತಿಗೆ ಹುಟ್ಟಿದವಲ್ಲ. ಗಡ್ಡೆಯೇ ತನಗಾಗಿ ಕರೆಸಿಕೊಂಡವು.